ಕಡ್ಡಿ ಸುಟ್ಟಿಲ್ಲ, ಸ್ವಲ್ಪ ತಾಳಿ

ಬೇಕರಿಯ ಮಹಡಿ ಮೇಲಿನ ಮನೆಯಲ್ಲಿ ಅವತ್ತು ಮಧ್ಯಾಹ್ನದಿಂದ ಟಿವಿಗೂ ಬೇಕರಿಯವನಿಗೂ ಜಗಳ ನಡೆದಿತ್ತು.

ಟಿವಿಯ ಹಿಂದೆ ಸಿಕ್ಕಿಸುವ ಚಿಕ್ಕ ಸಾಧನ ಇರುತ್ತದಲ್ಲ, ವೈ-ಫೈ ಹಿಡಿದು ಸಿನಿಮಾ, ಆಟ ಎಲ್ಲ ತೋರಿಸುತ್ತದಲ್ಲ, ಅದಕ್ಕೆ ಆ ಮನೆಯಲ್ಲಿ ‘ಕಡ್ಡಿ’ ಅಂತ ಹೆಸರು. ಹಿಂದಿನ ದಿನ ಮನೆಯ ವೈ-ಫೈ ಪೆಟ್ಟಿಗೆ ಕೆಟ್ಟಿತ್ತು. ಇಂಟರ್ನೆಟ್ ಕಂಪನಿಯವನು ಬಂದು ಹೊಸದು ಕೂರಿಸಿ, ಬೇಕರಿಯವನ ಫೋನಿಗೆ ತಾನೇ ವೈ-ಫೈ ಹಾಕಿಕೊಟ್ಟು ಹೋಗಿದ್ದ. ಫೋನು ಸರಿಯಾಗೇ ಇತ್ತು. ಟಿವಿ ಮಾತ್ರ ‘ಕನೆಕ್ಟ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ’ ಅಂತ ಒಂದೇ ರಾಗ ಹಾಡುತ್ತಿತ್ತು.

ಬೇರೆ ದಿನವಾಗಿದ್ದರೆ ಬೇಕರಿಯವನು ಟಿವಿಗೆ ಬೆನ್ನು ಹಾಕಿ ಮಲಗಿಬಿಡುತ್ತಿದ್ದ. ಬೆಳಕು ಹರಿಯುವ ಮುಂಚೆ ಎದ್ದು ಹಿಟ್ಟು ಕಲಸುವವನಿಗೆ ನಿದ್ದೆಗಿಂತ ದೊಡ್ಡ ಮನರಂಜನೆ ಇಲ್ಲ. ಆದರೆ ಅವತ್ತು ಸಂಜೆ ಐದಕ್ಕೆ ಮಗಳ ಮೊದಲ ದೊಡ್ಡ ಫುಟ್‌ಬಾಲ್ ಪಂದ್ಯ. ಅವಳು ಗೋಲ್‌ಕೀಪರ್. ಪಂದ್ಯ ದೂರದ ಊರಲ್ಲಿ, ನೇರ ಪ್ರಸಾರ ಇಂಟರ್ನೆಟ್ಟಿನಲ್ಲಿ.

ಅವಳಿಗೆ ಚೆಂಡು ಹಿಡಿಯೋದು ಕಲಿಸಿದವಳು ಅಜ್ಜಿ. ಅಂಗಡಿಯ ಹಿಂದಿನ ಅಂಗಳದಲ್ಲಿ ಅಜ್ಜಿ ಸುತ್ತಿದ ಕಾಲುಚೀಲ ಎಸೆಯೋಳು, ಪುಟ್ಟ ಮೊಮ್ಮಗಳು ಹಾರಿ ಹಾರಿ ಹಿಡಿಯೋಳು. ಈಗ ಅಜ್ಜಿ ಸೊಂಟದ ಆಪರೇಷನ್ ಆಗಿ ಟಿವಿಯ ಎದುರಿನ ಮಂಚದಲ್ಲೇ ಇದ್ದಳು. ಕಣ್ಣೂ ಅಷ್ಟಕ್ಕಷ್ಟೆ. ಫೋನಿನ ಪರದೆಯಲ್ಲಿ ಆಟಗಾರರು ಅವಳಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದರು.

“ಏನೋ, ಆಯ್ತೇನೋ?” ಅಜ್ಜಿ ಕೇಳಿದಳು.

“ಇಲ್ಲಮ್ಮ. ಕಡ್ಡಿ ಸುಟ್ಟುಹೋಗಿದೆ. ಬಿಸಾಕಿ ಬೇರೆ ತರಬೇಕು.”

“ಸುಟ್ಟ ವಾಸನೆ ಬರ್ತಿಲ್ವಲ್ಲೋ. ಮೂವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಅಷ್ಟು ಗೊತ್ತಾಗಲ್ವಾ?”

ಹೆಂಡತಿ ಕೆಳಗೆ ಅಂಗಡಿಯಲ್ಲಿ ಕೇಕಿಗೆ ಕ್ರೀಮ್ ಹಾಕುತ್ತಿದ್ದವಳು ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು. “ರೀ, ಮಗಳನ್ನೇ ಕೇಳಿ.”

“ಅವಳ ಫೋನು ಕೋಚ್ ಕೈಯಲ್ಲಿದೆ. ಆಟ ಮುಗಿಯೋವರೆಗೂ ಕೊಡಲ್ಲವಂತೆ.”

ಬೇಕರಿಯವನಿಗೆ ಒಂದು ಉಪಾಯ ಹೊಳೆಯಿತು. ಫೋನಿನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಅಂತ ಹುಡುಕಿದ. ಎಲ್ಲಕ್ಕಿಂತ ಮೇಲೆ ಕಂಡ ನಂಬರಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದರು. ಅವನಿಗೆ ಖುಷಿಯಾಗಿ ಸ್ಪೀಕರ್ ಹಾಕಿದ.

“ನಮಸ್ಕಾರ ಸರ್! ನಿಮ್ಮ ಸಾಧನ ನಮ್ಮ ಕಂಪ್ಯೂಟರಿನಲ್ಲಿ ಬ್ಲಾಕ್ ಆಗಿದೆ ಸರ್. ಏನೂ ಚಿಂತೆ ಬೇಡ. ಒಂದು ಆ್ಯಪ್ ಕಳಿಸಿದ್ದೀನಿ, ಹಾಕ್ಕೊಳ್ಳಿ. ಅದರಲ್ಲಿ ಒಂದು ನಂಬರ್ ಬರುತ್ತೆ, ಓದಿ ಹೇಳಿಬಿಡಿ. ಮಿಕ್ಕಿದ್ದೆಲ್ಲ ನಾನು ಇಲ್ಲಿಂದಲೇ ಮಾಡ್ತೀನಿ. ನಿಮ್ಮಂಥ ಒಳ್ಳೆಯವರ ಸೇವೆ ಮಾಡೋದೇ ನಮ್ಮ ಭಾಗ್ಯ ಸರ್.”

“ನೋಡಿದೆಯಾ, ಎಷ್ಟು ಮರ್ಯಾದೆ!” ಅಂತ ಬೇಕರಿಯವನು ಹೆಂಡತಿಗೆ ಕಣ್ಣು ಹೊಡೆದ.

ಅಜ್ಜಿ ಮೂಗು ಮುರಿದಳು. “ಇಷ್ಟು ಸಿಹಿ ನಮ್ಮ ಕೇಕಲ್ಲೂ ಇಲ್ಲ ಕಣೋ.”

ಆ್ಯಪ್ ಇಳಿಯುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬಂದವಳು ಎದುರು ಬದಿಯ ಜೆರಾಕ್ಸ್ ಅಂಗಡಿಯವಳು. ಬೀದಿಗೆಲ್ಲ ಅವಳು ‘ಹಲೋ ಅಕ್ಕ’. ವರ್ಷಗಟ್ಟಲೆ ಒಂದು ಫೋನ್ ಕಂಪನಿಯ ಸಹಾಯವಾಣಿಯಲ್ಲಿ ಕೂತು ಜನರ ದೂರು ಕೇಳಿದವಳು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಯಾರು ಎದುರು ಸಿಕ್ಕರೂ “ಹಲೋ, ಹೇಳಿ” ಅನ್ನುತ್ತಿದ್ದಳು.

“ಹಲೋ, ಹೇಳಿ. ಕೆಳಗೆ ಯಾರೂ ಇಲ್ಲ, ಬ್ರೆಡ್ ಯಾರನ್ನ ಕೇಳಲಿ?”

“ಸ್ವಲ್ಪ ತಡಿ ಅಕ್ಕ, ಕಂಪನಿಯವರ ಹತ್ತಿರ ಮಾತಾಡ್ತಾ ಇದೀನಿ.”

ಫೋನಿನಿಂದ ದನಿ ಬಂತು, “ಸರ್, ಆ್ಯಪ್‌ನಲ್ಲಿ ನಂಬರ್ ಬಂತಾ? ಬೇಗ ಓದಿ ಸರ್. ತಡ ಮಾಡಿದ್ರೆ ಪೂರ್ತಿ ಲಾಕ್ ಆಗುತ್ತೆ.”

ಹಲೋ ಅಕ್ಕನ ಮುಖ ಬದಲಾಯಿತು. ಎರಡು ಹೆಜ್ಜೆಯಲ್ಲಿ ಬಂದು ಫೋನ್ ಕಿತ್ತುಕೊಂಡು ಕಾಲ್ ಕತ್ತರಿಸಿದಳು.

“ಅಯ್ಯೋ, ಏನಕ್ಕ ಇದು! ಎಷ್ಟು ಕಷ್ಟಪಟ್ಟು ಸಿಕ್ಕಿದ್ದರು!”

“ಕಷ್ಟಪಟ್ಟಾ? ಮೊದಲ ರಿಂಗಿಗೇ ಎತ್ತಿದ್ರಾ ಇಲ್ವಾ?”

“ಎತ್ತಿದ್ರು.”

“ಅಲ್ಲೇ ಗೊತ್ತಾಗ್ಬೇಕಿತ್ತು. ನಾನು ಆ ಕುರ್ಚಿಯಲ್ಲಿ ಕೂತವಳಪ್ಪ. ನಿಜವಾದ ಕಂಪನಿಯವರು ಕಾಲು ಗಂಟೆ ಸಂಗೀತ ಕೇಳಿಸದೆ ಮಾತಾಡಿಸ್ತಾರಾ?” ಅಂದಳು. ಆಮೇಲೆ ತಮಾಷೆ ಬಿಟ್ಟು ಹೇಳಿದಳು, “ಈ ಆ್ಯಪ್ ಹಾಕಿ ಆ ನಂಬರ್ ಓದಿದ್ರೆ ನಿನ್ನ ಫೋನು ಅವನಿಗೆ ಕಾಣುತ್ತೆ. ನೀನು ಒತ್ತೋದೆಲ್ಲ ಅವನು ನೋಡ್ತಾನೆ. ನಿನ್ನ ಬ್ಯಾಂಕು ಇರೋದು ಇದೇ ಫೋನಲ್ಲಿ ತಾನೇ?”

ಅಂಗಡಿಯ ಇಡೀ ವ್ಯವಹಾರ ಆ ಫೋನಿನಲ್ಲೇ ಇತ್ತು. ಬೇಕರಿಯವನು ಹಲೋ ಅಕ್ಕ ಹೇಳಿದ ಹಾಗೆ ಆ್ಯಪ್ ತೆಗೆದುಹಾಕಿದ, ಆ ನಂಬರನ್ನು ಬ್ಲಾಕ್ ಮಾಡಿದ.

“ಒಂದು ವೇಳೆ ಓದಿಬಿಟ್ಟಿದ್ದಿದ್ರೆ?” ಹೆಂಡತಿ ಮೆಲ್ಲಗೆ ಕೇಳಿದಳು.

“ತಕ್ಷಣ ಇಂಟರ್ನೆಟ್ ಆಫ್ ಮಾಡಬೇಕು. ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಬೇಕು. ಪೊಲೀಸರಿಗೂ ತಿಳಿಸಬೇಕು. ನಾಚಿಕೆ ಅಂತ ಬಾಯಿ ಮುಚ್ಕೊಂಡು ಕೂತ್ರೆ ಕಳ್ಳನಿಗೇ ಲಾಭ. ಸರಿ, ಅದು ಆಗಲಿಲ್ಲವಲ್ಲ, ಬಿಡಿ. ಟಿವಿಗೆ ಏನಾಗಿದೆ?”

“ಕಡ್ಡಿ ಸುಟ್ಟಿದೆ,” ಅಂದ ಬೇಕರಿಯವನು.

“ನೋಡಿದ್ಯಾ?”

“ನೋಡೋದೇನು, ನಿನ್ನೆ ಹೊಸ ವೈ-ಫೈ ಪೆಟ್ಟಿಗೆ ಹಾಕಿದ್ರೂ ಕನೆಕ್ಟ್ ಆಗಲ್ಲ ಅಂದ್ಮೇಲೆ ಸುಟ್ಟ ಹಾಗೇ ಅಲ್ವಾ?”

“ಬ್ರೆಡ್ಡು ಉಬ್ಬಲಿಲ್ಲ ಅಂದ ತಕ್ಷಣ ಒಲೆ ಒಡೆದುಹಾಕ್ತೀಯಾ? ಹಿಟ್ಟು ನೋಡ್ತೀಯ, ಈಸ್ಟ್ ನೋಡ್ತೀಯ, ಆಮೇಲೆ ತಾನೇ ಒಲೆ? ಮೊದಲು ಫೋನಿನ ಡೇಟಾ ಆಫ್ ಮಾಡಿ, ಪೆಟ್ಟಿಗೆ ಹತ್ತಿರ ಹೋಗಿ ಬರೀ ವೈ-ಫೈಯಲ್ಲಿ ಒಂದು ವಿಡಿಯೋ ಹಾಕು.”

ಹಾಕಿದ. ವಿಡಿಯೋ ಸರಾಗವಾಗಿ ಓಡಿತು ಅಂತ ಮೇಲೆ ಬಂದು ಹೇಳಿದ.

“ಅಂದ್ರೆ ಮನೆಗೆ ಇಂಟರ್ನೆಟ್ ಬರ್ತಾ ಇದೆ. ಈಗ ವೈ-ಫೈ ಪೆಟ್ಟಿಗೆ, ಕಡ್ಡಿ ಎರಡರ ಪ್ಲಗ್ಗೂ ತೆಗಿ. ಸ್ವಲ್ಪ ಹೊತ್ತು ಬಿಟ್ಟು ಹಾಕು.”

“ಪ್ಲಗ್ ತೆಗೆದು ಹಾಕಿದ್ರೆ ಸರಿಹೋಗೋ ಹಾಗಿದ್ರೆ ಪ್ರಪಂಚದಲ್ಲಿ ರಿಪೇರಿಯವರು ಯಾಕಕ್ಕ ಬೇಕು?”

“ನೂರಕ್ಕೆ ಐವತ್ತು ಜನ ನನಗೆ ಫೋನ್ ಮಾಡಿ ಇದೇ ಮಾತು ಹೇಳೋರು. ಪ್ಲಗ್ ಹಾಕಿದ್ಮೇಲೆ ಥ್ಯಾಂಕ್ಸೂ ಹೇಳದೆ ಇಟ್ಟುಬಿಡೋರು.”

ಗೊಣಗುತ್ತಲೇ ಕಡ್ಡಿಯ ಪ್ಲಗ್ ತೆಗೆದ, ಮತ್ತೆ ಕೆಳಗೆ ಹೋಗಿ ಪೆಟ್ಟಿಗೆಯದೂ ತೆಗೆದ, ಕಾದು ಎರಡನ್ನೂ ಹಾಕಿದ. ಪೆಟ್ಟಿಗೆಯ ದೀಪಗಳು ಹತ್ತಿ ನಿಂತವು. ಆದರೆ ಟಿವಿಯಲ್ಲಿ ಮತ್ತೆ ಅದೇ, ‘ಕನೆಕ್ಟ್ ಆಗಲಿಲ್ಲ’.

ಬೇಕರಿಯವನು ಪಂದ್ಯ ಗೆದ್ದವನ ಹಾಗೆ ಎದೆ ಉಬ್ಬಿಸಿದ. “ನಾನು ಹೇಳಲಿಲ್ವಾ?” ಹೆಂಡತಿಯ ಸೂಜಿ ತಗೊಂಡು ಕಡ್ಡಿಯ ತೂತಿಗೆ ಚುಚ್ಚಲು ಹೊರಟ. “ರೀಸೆಟ್ ಮಾಡಿಬಿಡ್ತೀನಿ.”

“ಸೂಜಿ ಇಡು ಕೆಳಗೆ! ರೀಸೆಟ್ ಮಾಡಿದ್ರೆ ಹಾಕಿರೋ ಆ್ಯಪ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತೆ. ಅದು ಕಟ್ಟಕಡೆಯ ದಾರಿ.”

ಹಲೋ ಅಕ್ಕ ತನ್ನ ಫೋನಿನ ಇಂಟರ್ನೆಟ್ಟನ್ನೇ ವೈ-ಫೈ ಹಾಗೆ ಹಂಚುವ ಹಾಟ್‌ಸ್ಪಾಟ್ ಹಾಕಿದಳು. ಟಿವಿಯಲ್ಲಿ ಅವಳ ಫೋನಿನ ಹೆಸರು ಬಂತು. ಅದಕ್ಕೆ ಜೋಡಿಸಿದ ಕೂಡಲೇ ಪರದೆಯ ಮೇಲೆ ಸಿನಿಮಾ ಚಿತ್ರಗಳು ಸಾಲಾಗಿ ಅರಳಿದವು.

“ಬಂತು!” ಅಜ್ಜಿ ಚಪ್ಪಾಳೆ ತಟ್ಟಿದಳು.

“ಕಡ್ಡಿ ಗಟ್ಟಿಮುಟ್ಟಾಗಿದೆ. ಆದ್ರೆ ಇಡೀ ಆಟ ನೋಡೋಕೆ ನನ್ನ ಡೇಟಾ ಸಾಲಲ್ಲಮ್ಮ. ತೊಂದರೆ ಇರೋದು ಮನೆ ವೈ-ಫೈಗೂ ಕಡ್ಡಿಗೂ ನಡುವೆ.” ಹಾಟ್‌ಸ್ಪಾಟ್ ಆಫ್ ಮಾಡಿ ಬೇಕರಿಯವನ ಕಡೆ ತಿರುಗಿದಳು. “ಇಷ್ಟು ಹೊತ್ತೂ ಯಾವ ಹೆಸರು ಒತ್ತುತ್ತಾ ಇದ್ದೆ?”

“ನಮ್ಮದೇ. ಮಗಳು ಇಟ್ಟಿದ್ದಾಳಲ್ಲ, ‘ಬಿಸಿಬಿಸಿ ಬನ್’.”

“ಅದು ಹಳೇ ಪೆಟ್ಟಿಗೆ ಹೆಸರಪ್ಪಾ! ಪೆಟ್ಟಿಗೆ ಹೋಯ್ತು, ಹೆಸರೂ ಅದರ ಜೊತೆ ಹೋಯ್ತು. ಪಾಪ ಕಡ್ಡಿ, ಮನೆ ಖಾಲಿ ಮಾಡಿಕೊಂಡು ಹೋದವರ ಬಾಗಿಲು ತಟ್ತಾ ಕೂತಿದೆ.”

ಹಳೆಯ ಹೆಸರನ್ನು ಅಳಿಸಿದರು. ಹೊಸ ಪಟ್ಟಿ ತೆರೆದುಕೊಂಡಿತು. ಅಕ್ಕಪಕ್ಕದ ಮನೆಗಳ ವೈ-ಫೈಗಳೆಲ್ಲ ಬಂದವು. ಒಬ್ಬರು ತಮ್ಮದಕ್ಕೆ ‘ಕೇಳಬೇಡಿ ಕೊಡಲ್ಲ’ ಅಂತಲೇ ಹೆಸರಿಟ್ಟಿದ್ದರು.

“ಇದು ಮೂಲೆಮನೆ ಡ್ರೈವರ್‌ದೇ,” ಅಂತ ಹೆಂಡತಿ ನಕ್ಕಳು.

ಬೇಕರಿಯವನು ಫೋನನ್ನೂ ಟಿವಿಯನ್ನೂ ಅಕ್ಕಪಕ್ಕ ನೋಡಿದ. “ಅಕ್ಕ, ಫೋನಲ್ಲಿರೋ ಹೆಸರಿನ ಕೊನೆಗೆ ‘ಐದು ಜಿ’ ಅಂತಿದೆ. ಟಿವಿಯಲ್ಲಿ ಆ ಹೆಸರೇ ಇಲ್ಲ.”

“ಈಗ ದಾರಿಗೆ ಬಂದೆ. ಹೊಸ ಪೆಟ್ಟಿಗೆಗಳು ಎರಡು ಹೆಸರು ಕೊಡೋದುಂಟು. ‘ಐದು’ ಅಂತಿರೋದು ವೇಗ ಜಾಸ್ತಿ, ಆದ್ರೆ ಗೋಡೆ ದಾಟಿ ದೂರ ಹೋಗಲ್ಲ. ಹಳೇ ಕಡ್ಡಿಗಳ ಕಣ್ಣಿಗೆ ಅದು ಬೀಳೋದೇ ಇಲ್ಲ. ಇನ್ನೊಂದು ನಿಧಾನ, ಆದ್ರೆ ದೂರ ಹೋಗುತ್ತೆ, ಹಳೇ ಸಾಧನಕ್ಕೂ ಕಾಣುತ್ತೆ. ಅದನ್ನ ಹುಡುಕು.”

ಅದೇ ಹೆಸರು, ‘ಐದು’ ಇಲ್ಲದ್ದು, ಪಟ್ಟಿಯ ತೀರಾ ಕೆಳಗೆ ಸಿಕ್ಕಿತು. ಸಿಗ್ನಲ್ ಒಂದೇ ಗೆರೆ.

“ಪೆಟ್ಟಿಗೆ ಎಲ್ಲಿಟ್ಟಿದ್ದೀರಿ?”

“ಕೆಳಗೆ, ಸ್ಟೀಲ್ ಟ್ರೇಗಳ ಹಿಂದೆ. ಗಿರಾಕಿಗಳಿಗೆ ಕಾಣಬಾರದು ಅಂತ ನಾನೇ ಸರಿಸಿದೆ,” ಅಂದಳು ಹೆಂಡತಿ.

“ಗಿರಾಕಿಗೂ ಕಾಣಲ್ಲ, ಟಿವಿಗೂ ಕಾಣಲ್ಲ! ಸ್ಟೀಲು ಸಿಗ್ನಲ್ ತಡೆಯುತ್ತಮ್ಮ. ಎತ್ತರದಲ್ಲಿ, ಎದುರಿಗೆ ಏನೂ ಇಲ್ಲದ ಕಡೆ ಇಡಬೇಕು.”

ಮೆಟ್ಟಿಲ ಪಕ್ಕದ ಗೂಡಿನಲ್ಲಿದ್ದ ಛತ್ರಿಗಳನ್ನು ತೆಗೆದು ಪೆಟ್ಟಿಗೆಯನ್ನು ಅಲ್ಲಿಟ್ಟರು. ಒಂದಿದ್ದ ಗೆರೆ ಮೂರಾಯಿತು. ಪಾಸ್‌ವರ್ಡ್ ಪೆಟ್ಟಿಗೆಯ ತಳದಲ್ಲಿ ಅಂಟಿಸಿದ ಚೀಟಿಯಲ್ಲಿತ್ತು. ಹೆಂಡತಿ ಓದಿದಳು, ಬೇಕರಿಯವನು ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿದ.

‘ಪಾಸ್‌ವರ್ಡ್ ತಪ್ಪಾಗಿದೆ.’

“ನೀನು ಓದಿದ್ದೇ ತಪ್ಪು.”

“ನೀವು ಒತ್ತಿದ್ದು ತಪ್ಪು ಕಣ್ರೀ.”

ಗಂಡ ಹೆಂಡತಿ ಜಗಳ ಶುರುವಾಗುವ ಮೊದಲೇ ಹಲೋ ಅಕ್ಕ ಚೀಟಿ ಇಸಕೊಂಡಳು. “ಇದು ಸೊನ್ನೆ. ನೀವು ‘ಓ’ ಅಂತ ಓದಿದ್ದೀರಿ. ಮತ್ತೆ ಇದು ದೊಡ್ಡ ಅಕ್ಷರ, ಚಿಕ್ಕದಲ್ಲ. ಇಬ್ಬರದೂ ತಪ್ಪು, ಲೆಕ್ಕ ಚುಕ್ತಾ.”

ಸರಿಯಾಗಿ ಒತ್ತಿದರು. ಚಕ್ರ ತಿರುಗಿತು, ತಿರುಗಿತು... ‘ಕನೆಕ್ಟ್ ಆಗಿದೆ!’

ಬೇಕರಿಯವನು ಕುಣಿದೇಬಿಟ್ಟ. ಅಷ್ಟರಲ್ಲಿ ಪರದೆ ಕಪ್ಪಾಗಿ ಇನ್ನೊಂದು ಸಾಲು ಬಂತು, ‘ಅಪ್‌ಡೇಟ್ ಆಗುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ.’ ಗೋಡೆ ಗಡಿಯಾರದಲ್ಲಿ ಐದು ಹೊಡೆಯಿತು. ಅವನ ಕೈ ಪ್ಲಗ್ಗಿನ ಕಡೆ ಹೋಯಿತು.

“ಮುಟ್ಟಬೇಡ!” ಮೂವರೂ ಹೆಂಗಸರು ಒಟ್ಟಿಗೇ ಕೂಗಿದರು.

“ನಡುವೆ ಆಫ್ ಮಾಡಿದ್ರೆ ಆಗ ನಿಜವಾಗ್ಲೂ ಕೆಡುತ್ತೆ. ಕೈ ಕಟ್ಕೊಂಡು ಕೂತ್ಕೋ,” ಅಂದಳು ಹಲೋ ಅಕ್ಕ.

ಕೂತ. ಅಷ್ಟು ಹೊತ್ತು ಅವನು ಸುಮ್ಮನೆ ಕೂತಿದ್ದನ್ನು ಹೆಂಡತಿ ಮದುವೆಯಾದ ಮೇಲೆ ನೋಡಿಯೇ ಇರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಟಿವಿ ತುಂಬ ಹಸಿರು ಮೈದಾನ ಬಂತು. ಗೋಲಿನ ಮುಂದೆ ಹಳದಿ ಅಂಗಿ ಹಾಕಿಕೊಂಡು, ಕೈ ಅಗಲಿಸಿ ನಿಂತಿದ್ದಳು ಮಗಳು. ಅಜ್ಜಿ ದಿಂಬಿಗೆ ಒರಗಿದ್ದವಳು ತಾನಾಗಿಯೇ ನೆಟ್ಟಗೆ ಕೂತಳು.

ಮೊದಲಿಗೇ ಒಂದು ಗೋಲು ಬಿಟ್ಟಳು. “ಎಲ್ಲಿ ನೋಡ್ತಿದ್ದೀಯೇ!” ಅಂತ ಅಜ್ಜಿ ಟಿವಿಗೆ ಬೈದಳು. ಅವಳ ತಂಡದವರು ಒಂದು ಗೋಲು ಹೊಡೆದು ಸಮ ಮಾಡಿದರು. ಆಟ ಇನ್ನೇನು ಮುಗಿಯಬೇಕು, ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಬೇಕರಿಯವನು ಕಣ್ಣು ಮುಚ್ಚಿಕೊಂಡ. ಹೆಂಡತಿ ಅವನ ತೋಳು ಗಟ್ಟಿಯಾಗಿ ಹಿಡಿದಳು. ಎದುರಿನವಳು ಓಡಿ ಬಂದು ಒದ್ದಳು. ಮಗಳು ಎಡಕ್ಕೆ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ತಗುಲಿ ಕಂಬದ ಆಚೆ ಹೋಯಿತು.

ಮಹಡಿ ಮನೆಯ ಕೂಗಿಗೆ ಬ್ರೆಡ್ ಕೊಳ್ಳಲು ಬಂದವರೆಲ್ಲ ಮೇಲೆ ಓಡಿಬಂದರು, ಏನೋ ಅನಾಹುತ ಆಗಿದೆ ಅಂತ. ಬಂದವರಿಗೆಲ್ಲ ಬೇಕರಿಯವನು ಆ ಹಾರಿದ್ದನ್ನು ಮಾಡಿ ತೋರಿಸಿದ.

ಆಟ ಸಮವಾಗಿಯೇ ಮುಗಿಯಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಅಜ್ಜಿ, ನೋಡಿದ್ಯಾ?”

“ನೋಡಿದೆ ಕಣೇ. ನಿನ್ನ ಮೊಣಕೈ ತರಚಿದ್ದೂ ಕಂಡಿತು. ಮೊದಲು ಅದಕ್ಕೆ ಮದ್ದು ಹಚ್ಚು, ಆಮೇಲೆ ಮಾತಾಡು,” ಅಂದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಟಿವಿಯೂ ಒಂದು ದಿನ ಹೀಗೆ ಹಟ ಹಿಡಿಯಬಹುದು. ಆಗ ಗಾಬರಿಯಾಗಬೇಡಿ, ಸಾಧನ ಬಿಸಾಕಲೂ ಬೇಡಿ. ಫೋನಿಗೆ ವೈ-ಫೈ ಬರುತ್ತಿದೆಯೇ ನೋಡಿ. ಪ್ಲಗ್ ತೆಗೆದು ಹಾಕಿ. ಹೆಸರು ಹೊಸದೋ ಹಳೆಯದೋ ಗಮನಿಸಿ, ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿ ಒತ್ತಿ, ಪೆಟ್ಟಿಗೆಯನ್ನು ಎತ್ತರದಲ್ಲಿ, ಎದುರಿಗೆ ಅಡ್ಡವಿಲ್ಲದ ಕಡೆ ಇಡಿ. ಇಷ್ಟಾದರೂ ಸರಿಹೋಗದಿದ್ದರೆ ಕಂಪನಿಗೆ ಫೋನ್ ಮಾಡಿ. ಆದರೆ ನಂಬರನ್ನು ಸಾಧನದ ಡಬ್ಬಿಯಿಂದಲೋ ಬಿಲ್ಲಿನಿಂದಲೋ ತಗೊಳ್ಳಿ. ಹುಡುಕಿದಾಗ ಮೇಲೆ ಕಂಡದ್ದನ್ನೆಲ್ಲ ನಂಬಬೇಡಿ. ಯಾರೇ ಆಗಲಿ ಆ್ಯಪ್ ಹಾಕಿ, ನಂಬರ್ ಓದಿ ಅಂದರೆ, ಮರ್ಯಾದೆಗೆ ಅಂಜದೆ ಫೋನ್ ಇಟ್ಟುಬಿಡಿ. ಇವತ್ತೇ ನಿಮ್ಮ ವೈ-ಫೈ ಪೆಟ್ಟಿಗೆಯ ತಳದ ಚೀಟಿಯನ್ನು ಒಮ್ಮೆ ಓದಿ ನೋಡಿ. ಪಕ್ಕದ ಮನೆಯ ಅಜ್ಜನಿಗೋ ಅಜ್ಜಿಗೋ ಇದು ಗೊತ್ತಿಲ್ಲದಿದ್ದರೆ, ಹತ್ತಿರ ಕೂತು ತಾಳ್ಮೆಯಿಂದ ಹೇಳಿಕೊಡಿ.