ಗೋಡೆಯಾಚೆಯ ನಗು

"ಫಾದರ್, ಇನ್ನೊಂದಿದೆ. ಹೇಳೋಕೆ ನಾಚಿಕೆ ಆಗುತ್ತೆ."

ಜಾಲರಿಯಾಚೆಯ ದನಿ ತಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟರದೆಂದು ಹೆಡ್‌ಮಾಸ್ಟರ್ ಪಾದ್ರಿಗೆ ಗೊತ್ತಾಗದೆ ಇದ್ದೀತೇ? ಮೈದಾನದ ತುಂಬ ಮೊಳಗುವ ಗಂಟಲು, ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಎಷ್ಟು ಪಿಸುಗುಟ್ಟಿದರೂ ಅಷ್ಟೇ. ಊರಿಗೆ ಇರುವ ಪಾದ್ರಿ ಇವರೊಬ್ಬರೇ. ಯಾರಿಗೆ ಮಾಡಿದ ತಪ್ಪನ್ನಾದರೂ ಇವರ ಹತ್ತಿರವೇ ಹೇಳಿಕೊಳ್ಳಬೇಕು.

"ಹೇಳಪ್ಪ, ದೇವರು ಕೇಳಿಸಿಕೊಳ್ತಾನೆ."

"ಒಬ್ಬ ಹಿರಿಯರನ್ನ ಅಣಕ ಮಾಡ್ತೀನಿ. ಮೇಷ್ಟ್ರುಗಳ ರೂಮಲ್ಲಿ, ದಿನಾ. ಅವರ ನಡಿಗೆ, ಕೆಮ್ಮು, ಕನ್ನಡಕ ಒರೆಸೋದು... ಎಲ್ಲರೂ ಹೊಟ್ಟೆ ಹಿಡ್ಕೊಂಡು ನಗ್ತಾರೆ."

ಆ ಹಿರಿಯರು ಯಾರೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಹೇಳಲಿಲ್ಲ.

ಹಾಗಾದರೆ ದಿನಾ ಕೇಳುವ ಆ ನಗು ತನ್ನನ್ನು ಕುರಿತದ್ದೇ! ಅವರ ಕೋಣೆಗೂ ಮೇಷ್ಟರುಗಳ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಊಟದ ಗಂಟೆ ಹೊಡೆದದ್ದೇ ಅಲ್ಲಿ ನಗು ಭೋರೆಂದು ಏಳುತ್ತಿತ್ತು. ಈ ಶಾಲೆಗೆ ಬಂದಾಗಿನಿಂದ ಪಾದ್ರಿ ಆ ನಗುವನ್ನೇ ನೆಂಚಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ಸುಳ್ಳೇಕೆ, ಒಂದೆರಡು ಸಲ ಏನೋ ನೆಪ ಮಾಡಿಕೊಂಡು ಒಳಗೂ ಹೋಗಿದ್ದರು. ಹೊಸ್ತಿಲು ದಾಟಿದ್ದೇ ತಡ, ಎಲ್ಲರ ಬಾಯಿಗೂ ಬೀಗ. 'ಏನು ಸಮಾಚಾರ?' ಎಂದರೆ 'ಏನಿಲ್ಲ ಫಾದರ್.'

ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನಿಲ್ಲದ ಕಡೆಯೂ ತನ್ನನ್ನು ಕೂಡಿಸಿಕೊಂಡಿದ್ದಾರಲ್ಲ ಎಂದು ಒಂಥರಾ ಹಿಗ್ಗೇ ಆಯಿತು.

"ಅದು... ಚೆನ್ನಾಗಿ ಬರುತ್ತಾ?"

"ಯಾವುದು ಫಾದರ್?"

"ಅಣಕ."

"ಬರುತ್ತೆ ಫಾದರ್. ಆದ್ರೆ ಆಣೆ ಮಾಡಿ ಹೇಳ್ತೀನಿ, ಇನ್ನು ಈ ಜನ್ಮದಲ್ಲಿ ಮಾಡಲ್ಲ."

'ಅಯ್ಯೋ ಪುಣ್ಯಾತ್ಮ, ನಿಲ್ಲಿಸಬೇಡ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಪ್ಪೊಪ್ಪಿಕೊಂಡು ಮಂಡಿಯೂರಿದವನಿಗೆ ಯಾವ ಪಾದ್ರಿ ಹಾಗೆ ಹೇಳಿಯಾನು? ಪ್ರಾಯಶ್ಚಿತ್ತಕ್ಕೆ ಒಂದಿಷ್ಟು ಜಪ ಹೇಳಿ, ಕ್ಷಮೆ ಕೊಟ್ಟು ಕಳಿಸಿದರು. ಹೊರಗೆ ಸಿಕ್ಕಾಗ ಹೇಳೋಣವೆಂದರೆ ಅದೂ ಆಗದು; ಆ ಪೆಟ್ಟಿಗೆಯಲ್ಲಿ ಕೇಳಿದ್ದನ್ನು ಹೇಳಿದವನೆದುರಿಗೂ ಎತ್ತುವಂತಿಲ್ಲ.

ಡ್ರಿಲ್ ಮೇಷ್ಟರು ಮಾತಿಗೆ ತಪ್ಪುವವರಲ್ಲ. ಮರುದಿನ ಊಟದ ಗಂಟೆ ಹೊಡೆಯಿತು. ಗೋಡೆಯಾಚೆ ಬರೀ ಡಬ್ಬಿಗಳ ಸದ್ದು. ಅದರ ಮರುದಿನವೂ ಅಷ್ಟೇ. ಪಾದ್ರಿ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು. ಇಷ್ಟು ವರ್ಷ ತಾನು ಒಬ್ಬನೇ ಉಣ್ಣುತ್ತಿದ್ದೇನೆ ಎಂದುಕೊಂಡಿದ್ದರು. ಒಬ್ಬನೇ ಉಣ್ಣುವುದೆಂದರೆ ಏನೆಂದು ಈಗ ಗೊತ್ತಾಯಿತು.

ವಾರದ ಕೊನೆಗೆ ತಟ್ಟೆ ಸರಿಸಿ, ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಕಪಾಟಿನ ಗಾಜಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಅತ್ತಿಂದಿತ್ತ ನಡೆದರು. ಕನ್ನಡಕ ತೆಗೆದು ನಿಲುವಂಗಿಯ ಅಂಚಿಗೆ ಒರೆಸಿದರು. ಇದರಲ್ಲಿ ನಗುವಂಥದ್ದೇನಿದೆಯೋ, ತಿಳಿಯಲಿಲ್ಲ. ಇನ್ನು ಕೆಮ್ಮು ಉಳಿದಿತ್ತು. ಜೋರಾಗಿಯೇ ಕೆಮ್ಮಿದರು.

ಗೋಡೆಯಾಚೆ ದಡಬಡನೆ ಕುರ್ಚಿಗಳು ಸರಿದವು. ಫಾದರ್ ಬಂದರೆಂದು ಎಲ್ಲರೂ ಎದ್ದು ನಿಂತಿದ್ದರು.