ಮಿಸಾಕ್ ಮೇಷ್ಟ್ರ ನಲವತ್ತನೆಯ ನಡೆ

ಯೆರೆವಾನಿನಲ್ಲಿ ಚದುರಂಗ ಆಡುವವರಿಗೆಲ್ಲ ಗಡಿಯಾರದ ವಿಷಯದಲ್ಲಿ ಬುದ್ಧಿ ಹೇಳಿದ ಪುಣ್ಯಾತ್ಮ ಎಂದರೆ ಮಿಸಾಕ್ ಮೇಷ್ಟ್ರು. ಹೊತ್ತು ಹೇಗೆ ಉಳಿಸಬೇಕು, ಮನಸ್ಸು ಹೇಗೆ ನಿಲ್ಲಿಸಬೇಕು ಎಂದು ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದವರು. ಸ್ವತಃ ಅವರೋ, ಎರಡು ಸಲ ಮಾಸ್ಟರ್ ಪದವಿಯ ಹೊಸಿಲವರೆಗೆ ಹೋಗಿ, ಎರಡು ಸಲವೂ ಗೆಲ್ಲುವ ಆಟದಲ್ಲಿ ಹೊತ್ತು ಮೀರಿಸಿಕೊಂಡು ಮನೆಗೆ ಬಂದವರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ!

ಈಗ ಮೂರನೆಯ ಸಲ. ವಯಸ್ಸು ಐವತ್ತೆರಡು. ನಗರದ ಪಂದ್ಯಾವಳಿಯ ಕೊನೆಯ ಸುತ್ತು ಗೆದ್ದರೆ ಮಾಸ್ಟರ್. ಇಲ್ಲದಿದ್ದರೆ ಸಾಯುವವರೆಗೂ ಬರೀ ಮೇಷ್ಟ್ರು. ಒಬ್ಬೊಬ್ಬರೂ ತಮ್ಮ ಪಾಲಿನ ಎರಡೂವರೆ ಗಂಟೆಯೊಳಗೆ ನಲವತ್ತು ನಡೆ ಮುಗಿಸಬೇಕು. ಮುಗಿಸಿದರೆ ಇನ್ನೊಂದು ಗಂಟೆ ಸಿಗುತ್ತದೆ. ಮುಗಿಸುವ ಮೊದಲೇ ಗಡಿಯಾರದ ಪುಟ್ಟ ಕೆಂಪು ಬಾವುಟ ಬಿದ್ದರೆ, ಮಣೆಯ ಮೇಲೆ ಸ್ವರ್ಗವೇ ಇದ್ದರೂ ಸೋಲು.

ಎದುರಿಗೆ ಶುಶಾನಿಕ್. ಅರವತ್ತು ದಾಟಿದ ಹಲ್ಲಿನ ಡಾಕ್ಟರು, ಕೈ ಬಲು ಚುರುಕು. ಹದಿನೇಳನೆಯ ನಡೆಯಲ್ಲಿ ಒಂದು ಕಾಲಾಳನ್ನು ಹೊಡೆಯಬೇಕೋ ಬೇಡವೋ ಎಂದು ಮೇಷ್ಟ್ರು ಧ್ಯಾನಕ್ಕೆ ಕೂತರು. ಆಕೆ ಸಭಾಂಗಣ ಎರಡು ಸುತ್ತು ಹಾಕಿ, ಏಪ್ರಿಕಾಟ್ ತಿಂದು, ಕೈ ತೊಳೆದು ಬಂದರೂ ಧ್ಯಾನ ಮುಗಿದಿರಲಿಲ್ಲ.

"ಮಿಸಾಕ್, ಇಷ್ಟೊತ್ತಿಗೆ ನಾನು ನಾಲ್ಕು ಹಲ್ಲು ಕಿತ್ತಿರ್ತಿದ್ದೆ ಕಣಪ್ಪಾ."

"ಡಾಕ್ಟರಮ್ಮಾ, ಮಾತು ಬೇಡ," ಎಂದು ತೀರ್ಪುಗಾರ ಪಾರ್ಗೆವ್ ಗದರಿದ.

ಕೊನೆಗೆ ಮೇಷ್ಟ್ರು ಹೊಡೆಯಲಿಲ್ಲ. ನಡೆಗಳನ್ನು ಬರೆದುಕೊಳ್ಳುವ ಹಾಳೆಯಲ್ಲಿ ಪ್ರತಿ ನಡೆಯ ಪಕ್ಕದಲ್ಲೂ ಎಷ್ಟು ನಿಮಿಷ ಹಿಡಿಯಿತೆಂದು ಬರೆದರೆ ಹೊತ್ತು ಹತೋಟಿಗೆ ಬರುತ್ತದೆ ಎಂಬುದು ಅವರದೇ ಆವಿಷ್ಕಾರ. ಈ ಸಲ ನಾಚಿಕೆಗೋ ಸಿಟ್ಟಿಗೋ 'ಐವತ್ತೊಂದು ನಿಮಿಷ!!' ಎಂದು ದಪ್ಪಗೆ ಕೆಳಗಿನ ಸಾಲಿನಲ್ಲೇ ಗೀಚಿ, ಅಡಿಗೆರೆ ಬೇರೆ ಎಳೆದರು. ಹಾಳೆಯಲ್ಲಿ ಸಾಲಿನ ಅಂಕಿ ಮೊದಲೇ ಅಚ್ಚಾಗಿರುತ್ತದೆ. ಹದಿನೆಂಟನೆಯ ಸಾಲು ಹೀಗೆ ಪಶ್ಚಾತ್ತಾಪಕ್ಕೆ ಹೋಯಿತು. ಹದಿನೆಂಟನೆಯ ನಡೆ ಹತ್ತೊಂಬತ್ತರ ಸಾಲಿಗೆ ಇಳಿಯಿತು. ಅಲ್ಲಿಂದ ಮುಂದೆ ಹಾಳೆ ಒಂದು ನಡೆ ಮುಂದೆಯೇ ಓಡಿತು, ಮೇಷ್ಟ್ರಿಗೆ ಅದರ ಪರಿವೆಯೇ ಇಲ್ಲ.

ಆದರೆ ಆಟ! ಅಂಥ ಆಟವನ್ನು ಅವರು ಜನ್ಮದಲ್ಲಿ ಆಡಿರಲಿಲ್ಲ. ಕುದುರೆಯನ್ನು ಬಲಿಕೊಟ್ಟು, ಶುಶಾನಿಕ್‌ಳ ರಾಜನನ್ನು ಬಯಲಿಗೆಳೆದು ಅಟ್ಟಾಡಿಸಿದರು. ಕೊನೆಯ ನಾಲ್ಕು ನಿಮಿಷದಲ್ಲಿ ಹನ್ನೆರಡು ನಡೆ. ಬೆವರು ಮಣೆಗೇ ತೊಟ್ಟಿಕ್ಕಿತು. ನಲವತ್ತರ ಸಾಲು ತುಂಬಿದಾಗ ಇನ್ನೂ ಇಪ್ಪತ್ತೈದು ಸೆಕೆಂಡು ಉಳಿದಿತ್ತು. ಗುಂಡಿ ಒತ್ತಿ, ಎದುರಾಳಿಯ ಉತ್ತರಕ್ಕೂ ಕಾಯದೆ ಎದ್ದರು. ನಲವತ್ತು ಮುಗಿದ ಮೇಲೆ ತಲೆ ತಣ್ಣಗಾಗಲು ಮಣೆ ಬಿಟ್ಟೇಳಬೇಕೆಂಬುದೂ ಅವರ ಪಾಠವೇ.

ಶುಶಾನಿಕ್ ತನ್ನ ಹಾಳೆ ನೋಡಿಕೊಂಡಳು. ಮೇಷ್ಟ್ರ ನಡೆ ಮೂವತ್ತೊಂಬತ್ತೇ. ರಾಜನನ್ನು ಒಂದು ಮನೆ ಸರಿಸಿ ಗುಂಡಿ ಒತ್ತಿದಳು. ಮೇಷ್ಟ್ರ ಗಡಿಯಾರ ಮತ್ತೆ ಓಡತೊಡಗಿತು. ಪಾರ್ಗೆವ್‌ಗೂ ಗೊತ್ತಾಯಿತು, ಆದರೆ ಆಟದ ನಡುವೆ ಯಾರೂ ತುಟಿ ಬಿಚ್ಚುವಂತಿಲ್ಲ.

ಅತ್ತ ಮೇಷ್ಟ್ರು ಕಾಫಿಯವಳಿಗೆ ಪಾಠ ಶುರುಮಾಡಿದ್ದರು. "ನೋಡಮ್ಮಾ, ಗಡಿಯಾರಕ್ಕೆ ಹೆದರಬಾರ್ದು. ಹೆದರಿದ್ರೆ ಕೆಟ್ವಿ."

"ಸಕ್ಕರೆ ಎಷ್ಟು ಹಾಕ್ಲಿ, ಅದನ್ನ ಹೇಳಿ."

ಕಾಫಿ ಕುಡಿದು ಬಂದಾಗ ಮಣೆಯ ಸುತ್ತ ಜನ. ಬಾವುಟ ಬಿದ್ದಿತ್ತು.

"ಬಿದ್ರೇನಯ್ಯಾ? ನನ್ನ ನಲವತ್ತು ಆಯ್ತಲ್ಲ!" ಎಂದು ಮೇಷ್ಟ್ರು ಹಾಳೆ ಎತ್ತಿ ಹಿಡಿದರು.

ಪಾರ್ಗೆವ್ ಹದಿನೆಂಟರ ಸಾಲಿನ ಮೇಲೆ ಬೆರಳಿಟ್ಟ. "ಇದ್ಯಾವ ನಡೆ, ಮೇಷ್ಟ್ರೇ?"

ಮಿಸಾಕ್ ಓದಿದರು. ಅಯ್ಯೋ, 'ಐವತ್ತೊಂದು ನಿಮಿಷ!!' ಕುರ್ಚಿ ಎಳೆದು ಕೂತರು.

"ನಿಮಗೆ ಗೊತ್ತಿತ್ತಾ ಅಕ್ಕಾ?" ಎಂದು ಶುಶಾನಿಕ್‌ಳನ್ನು ಕೇಳಿದರು.

"ಗೊತ್ತಿತ್ತು ಕಣೋ. ಹಾಳಾದೋನೇ, ಬಂದು ಕೂತ್ಕೋ, ಕೂತ್ಕೋ ಅಂತ ಮನಸಲ್ಲೇ ಬಡ್ಕೊಂಡೆ. ಬಾಯಿಬಿಟ್ಟು ಹೇಳೋಕೆ ಬಿಡ್ತಾರಾ ಇವರು?"

ಮಿಸಾಕ್ ಮಣೆಯನ್ನು ನೋಡಿದರು. ರಾಜ ಸರಿದು ನಿಂತ ಮನೆ ಕಂಡಿತು. ತಮ್ಮ ಆನೆಯೂ ಕಂಡಿತು. ಸುಮ್ಮನೆ ಕೈ ಚಾಚಿ ಆನೆಯನ್ನು ಕೊನೆಯ ಸಾಲಿಗೆ ತಳ್ಳಿದರು. ಚೆಕ್‌ಮೇಟ್. ಎರಡು ಸೆಕೆಂಡೂ ಹಿಡಿಯಲಿಲ್ಲ.

"ಮೇಷ್ಟ್ರೇ, ಆಟ ಮುಗಿದಿದೆ," ಎಂದ ಪಾರ್ಗೆವ್ ಮೆಲ್ಲಗೆ.

ಶುಶಾನಿಕ್ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಸೋತವರು ಮಾಡುವ ಹಾಗೆ ತನ್ನ ರಾಜನನ್ನು ತಾನೇ ಮಲಗಿಸಿ ಮಿಸಾಕ್‌ರ ಕೈ ಕುಲುಕಿದಳು. ಆಮೇಲೆ ಇಬ್ಬರೂ ಹಾಳೆಗೆ ಸಹಿ ಹಾಕಿದರು. ಗೆದ್ದವರ ಜಾಗದಲ್ಲಿ ಅವಳ ಹೆಸರಿತ್ತು.