ಉದ್ದದ ಸಾಲು

"ಕೈ ಎತ್ತು," ಎಂದಳು ಲಿಯೂ.

ಹೇಳುವ ಅಗತ್ಯವೇನೂ ಇರಲಿಲ್ಲ. ಸಂಜೆ ಐದಕ್ಕೆ ಸೇನಾನೆಲೆಯ ಮೂರನೇ ಗೇಟಿಗೆ ಬರುವ ಹೆಂಗಸರು, ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು, ಮರಳಿನ ಚೀಲ ತುಂಬುವವರು, ಎಲ್ಲರೂ ದೂರದಿಂದಲೇ ಕೈ ಎತ್ತಿಕೊಂಡು ಬರುತ್ತಿದ್ದರು. ಅವರನ್ನು ತಡವಿ ನೋಡುವುದು ಲಿಯೂಳ ಕೆಲಸ. ಕಂಕುಳು, ಸೊಂಟ, ಊಟದ ಕ್ಯಾರಿಯರ್, ಕೊನೆಗೆ ತಾಳೆಗರಿ ಟೋಪಿಯ ಒಳಗು. ಹೆಂಗಸರ ಮೈ ತಾವು ಮುಟ್ಟುವುದು ಬೇಡವೆಂದು ಅಮೆರಿಕದವರು ಊರಿನ ಹೆಂಗಸರನ್ನೇ ಇದಕ್ಕೆ ಇಟ್ಟುಕೊಂಡಿದ್ದರು.

ಐದು ವರ್ಷದ ಹಿಂದೆ ಇಲ್ಲಿ ರಬ್ಬರ್ ತೋಟವಿತ್ತು. ಲಿಯೂ ಇದೇ ಜಾಗದಲ್ಲಿ ಮರ ಕೆತ್ತಿ ಹಾಲು ಇಳಿಸುತ್ತಿದ್ದಳು. ಈಗ ಬಿಯೆನ್ ಹೋವಾ ರಸ್ತೆಯವರೆಗೂ ಬರೀ ತಗಡಿನ ಗೋದಾಮುಗಳು. ಬಂದರಿನಿಂದ ಹಗಲೆಲ್ಲ ಲಾರಿಗಳು. ಗುಂಡು, ಟೈರು, ಶವಪೆಟ್ಟಿಗೆ, ಐಸ್‌ಕ್ರೀಮು, ಯುದ್ಧಕ್ಕೆ ಬೇಕಾದದ್ದು ಬೇಡದ್ದು ಎಲ್ಲ ಬಂದು ಬೀಳುತ್ತಿತ್ತು. ಇಷ್ಟು ರಾಶಿಯಲ್ಲಿ ಒಂದು ಸೋಪು ಹೋದರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡು, ಬೆರಳಿಗೆ ಸಿಕ್ಕಿದ್ದನ್ನೂ ಸಿಗದವಳಂತೆ ಲಿಯೂ ಬಿಟ್ಟುಬಿಡುತ್ತಿದ್ದಳು. ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಗೇಟಿನ ಎರಡು ತಪಾಸಣೆ ಸಾಲುಗಳಲ್ಲಿ ಅವಳದೇ ಯಾವಾಗಲೂ ಉದ್ದ.

ಅದೇ ಮುಳುವಾಯಿತು. ಆ ದಿನ ಬೆಳಿಗ್ಗೆ ಸಾರ್ಜೆಂಟ್ ಹಾಲಿಸ್ ದುಭಾಷಿಯನ್ನು ಕರೆದುಕೊಂಡು ಬಂದಿದ್ದ.

"ತಿಂಗಳಾಯ್ತಂತೆ, ನಿನ್ ಸಾಲಲ್ಲಿ ಒಬ್ಬಳೂ ಸಿಕ್ಕಿಲ್ವಂತೆ," ಎಂದ ದುಭಾಷಿ. "ಅವರೆಲ್ಲ ಏನು ದೇವತೇರಾ ಅಂತ ಕೇಳ್ತಿದಾನೆ. ಇವತ್ತು ಒಬ್ಬಳಾದ್ರೂ ಸಿಗಬೇಕು. ಇಲ್ದಿದ್ರೆ ನಿನ್ ಪಾಸು ಇಟ್ಟು ಮನೆಗೆ ಹೋಗು."

ಗಂಡ ದಂಡಿಗೆ ಹೋದವನು ಎರಡು ವರ್ಷದಿಂದ ಪತ್ತೆಯಿಲ್ಲ. ಮನೆಯಲ್ಲಿ ಅತ್ತೆ. ಆ ಪಾಸು ಹೋದರೆ ಒಲೆ ಉರಿಯುವುದಿಲ್ಲ.

ಆ ಸಂಜೆ ಮೊದಲು ಬಂದ ಅಗಸಗಿತ್ತಿಯ ಹೊಟ್ಟೆಗೆ ಹಾಲಿನಪುಡಿಯ ಪೊಟ್ಟಣ ಕಟ್ಟಿತ್ತು. ಅವಳ ತಮ್ಮ ಪೊಲೀಸು. ಹಿಡಿದರೆ ನಾಳೆ ಮನೆ ಮುಂದೆ ಜೀಪು ನಿಲ್ಲುತ್ತದೆ. ಲಿಯೂ ಬಿಟ್ಟಳು. ಎರಡನೆಯವಳ ಟೋಪಿಯಲ್ಲಿ ಬ್ಯಾಟರಿಗಳಿದ್ದವು.

"ಬೇಗ ಮುಗಿಸೇ, ಬಸ್ಸು ಹೋಗತ್ತೆ! ಕಚಗುಳಿ ಇಡೋಕೆ ನಾನೇ ಸಿಕ್ಕಿದ್ನಾ?" ಎಂದು ಅವಳು ಗಂಟಲು ಹರಿದುಕೊಂಡಳು. ಸಾಲೆಲ್ಲ ನಕ್ಕಿತು. ಆ ಬಾಯಿಗೆ ಹೆದರಿ ಅವಳನ್ನೂ ಬಿಟ್ಟಳು. ಪಕ್ಕದಲ್ಲೇ ನಿಂತಿದ್ದ ಹಾಲಿಸ್ ಗಡಿಯಾರ ನೋಡಿಕೊಂಡ.

ಮೂರನೆಯವಳು ಸೆನ್. ಕಾಲುವೆಯಾಚೆಯ ಮನೆಯ ವಿಧವೆ. ಆಫೀಸರುಗಳ ಊಟದ ಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅವಳು ಕಿವಿಯ ಹತ್ತಿರ ಬಾಗಿದಳು.

"ಕ್ಯಾರಿಯರ್ ತಳದಲ್ಲಿ ಒಂದು ಹಣ್ಣಿನ ಡಬ್ಬ ಇದೆ ಕಣಮ್ಮ. ಕದ್ದಿದ್ದಲ್ಲ, ಅಡುಗೆಯವನೇ ಕೊಟ್ಟ. ಗೇಟಲ್ಲಿ ತೋರ್ಸೋಕೆ ಚೀಟಿ ಬರ್ಕೊಡಪ್ಪಾ ಅಂತ ಕೇಳೋಕೆ ನಾಚಿಕೆ ಆಯ್ತು. ಭಾನುವಾರ ನಮ್ಮನೆಯೋರ ತಿಥಿ. ಎಡೆಗಿಡೋಣ ಅಂತ."

ಇವಳು ಕೂಗಾಡುವುದಿಲ್ಲ, ಎಂದುಕೊಂಡಳು ಲಿಯೂ. ಇವಳ ಹಿಂದೆ ಯಾರೂ ಇಲ್ಲ.

ಅಷ್ಟೇ ಯೋಚನೆ. ಅದಕ್ಕಿಂತ ಹೆಚ್ಚಿನದೇನನ್ನೂ ಯೋಚಿಸಿರಲಿಲ್ಲ ಎಂಬುದೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. "ಸಾರ್ಜೆಂಟ್!" ಎಂದು ಕೂಗಿದ ದನಿ ತನ್ನದೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಹಾಲಿಸ್ ಡಬ್ಬವನ್ನು ಎತ್ತಿ ಎಲ್ಲರಿಗೂ ತೋರಿಸಿದ. ಸೆನ್‌ಳ ಪಾಸನ್ನು ಕತ್ತರಿಯಿಂದ ಎರಡು ಮಾಡಿದ.

"ಎಷ್ಟು ದಿನದಿಂದ ಸಾಗಿಸ್ತಿದೀಯ? ಯಾರು ಬಿಡ್ತಿದ್ರು?" ಎಂದು ದುಭಾಷಿ ಗದರಿದ.

 ಸೆನ್ ಲಿಯೂಳ ಕಡೆ ತಿರುಗಿಯೂ ನೋಡಲಿಲ್ಲ.

"ಇದೇ ಮೊದಲು ಸ್ವಾಮಿ," ಎಂದಳು. ಖಾಲಿ ಕ್ಯಾರಿಯರ್ ಮುಚ್ಚಿಕೊಂಡು ನಡೆದಳು.

ಹಾಲಿಸ್ ಲಿಯೂಳ ಬೆನ್ನು ತಟ್ಟಿ "ನಂಬರ್ ಒನ್" ಎಂದ. ಅವಳ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಪಕ್ಕದ ಸಾಲಿಗೆ ಸರಿದರು.

ಭಾನುವಾರ ಕಾಲುವೆಯಾಚೆಯಿಂದ ಊದಿನಕಡ್ಡಿಯ ವಾಸನೆ ತೇಲಿ ಬಂತು. ನೆರೆಯವರೆಲ್ಲ ತಿಥಿಯೂಟಕ್ಕೆ ಹೊರಟರು. ಲಿಯೂ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಹೋಗಲ್ವೇನೇ?" ಎಂದಳು ಅತ್ತೆ.

"ತಲೆನೋವು."

"ನಿನ್ನೆನೂ ತಲೆನೋವು. ಅದೇನು ಇಟ್ಕೊಂಡಿದೀಯೋ ಆ ತಲೇಲಿ!"

ಮಧ್ಯಾಹ್ನ ಸೆನ್ ತಾನೇ ಬಂದಳು. ಕೈಯಲ್ಲಿ ತಟ್ಟೆ, ಬಾಳೆಎಲೆಯ ಮೇಲೆ ಅಂಟಕ್ಕಿಯ ಅನ್ನ, ನಾಲ್ಕು ತುಂಡು ಬೇಯಿಸಿದ ಹಂದಿಮಾಂಸ, ಎರಡು ಬಾಳೆಹಣ್ಣು. ತಿಥಿಯ ದಿನ ನೆರೆಮನೆಯ ಪಾಲು ತಪ್ಪಿಸುವಂತಿಲ್ಲ. ಲಿಯೂಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಕೆಲಸ ಹೋಯ್ತಂತಲ್ಲ ಸೆನ್," ಎಂದು ಅತ್ತೆ ಲೊಚಗುಟ್ಟಿದಳು. "ಯಾವ ಹಾಳಾದೋಳು ಹಿಡ್ಕೊಟ್ಟಳೋ! ನಮ್ಮ ಲಿಯೂ ಸಾಲಿಗೆ ಹೋಗೋದಲ್ವಾ ನೀನು?"

ಸೆನ್ ತಟ್ಟೆಯ ಮೇಲಿನ ಎಲೆಯ ಅಂಚು ಸರಿಮಾಡಿದಳು.

"ಆವತ್ತು ಅವಳ ಸಾಲು ಉದ್ದ ಇತ್ತಮ್ಮ," ಎಂದಳು.

ಲಿಯೂ ಬಾಯಿ ತೆರೆದಳು. ಹಿಡಿದುಕೊಟ್ಟವಳು ನಾನೇ ಎಂದು ಹೇಳಬೇಕಿತ್ತು. ಅತ್ತೆಯ ಮುಖ ನೋಡಿದಳು.  ಎಂಥ ಹೇಡಿ ನಾನು ಎಂದು ತನ್ನನ್ನೇ ಶಪಿಸಿಕೊಂಡಳು.

"ತಟ್ಟೆ ಖಾಲಿ ಮಾಡ್ಕೊಡಮ್ಮ. ಇನ್ನೂ ಎರಡು ಮನೆಗೆ ಹೋಗಬೇಕು," ಎಂದಳು ಸೆನ್.

ಲಿಯೂ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣ್ಣುಗಳನ್ನು ಅತ್ತೆಯ ಮುಂದಿಟ್ಟು, ಅಡುಗೆಯ ಮೂಲೆಗೆ ಹೋದಳು. ಮಾಂಸ ತೆಗೆದಿಟ್ಟಳು. ಅನ್ನವನ್ನು ಬಟ್ಟಲಿಗೆ ಸುರಿಯಬೇಕಿತ್ತು. ಅಷ್ಟರಲ್ಲಿ ಅವಳ ಬೆರಳುಗಳು ಎಲೆಯ ಅಂಚನ್ನು ಮೆಲ್ಲಗೆ ಎತ್ತಿ, ಒಳಗೆ ತೂರಿ, ತಟ್ಟೆಯ ತಳವನ್ನು ಈ ಬದಿಯಿಂದ ಆ ಬದಿಗೆ ತಡವಿದವು.

ತಲೆಯೆತ್ತಿದಾಗ ಸೆನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಅದರಡಿ ಏನೂ ಇಲ್ಲ ಕಣಮ್ಮ," ಎಂದಳು, ಅತ್ತೆಗೆ ಕೇಳದಷ್ಟು ಮೆಲ್ಲಗೆ.

ಅತ್ತೆ ಆಗಲೇ ಒಂದು ಬಾಳೆಹಣ್ಣು ಸುಲಿಯುತ್ತಿದ್ದಳು. ಲಿಯೂಳ ಬೆರಳುಗಳು ಎಲೆಯ ಅಡಿಯಲ್ಲೇ ಇದ್ದವು. ಅನ್ನ ಇನ್ನೂ ಬಿಸಿಯಾಗಿತ್ತು.